ಹತ್ತಿ ಅಂಗಡಿಯ ಲೆಕ್ಕದ ತೂಕ

ತಲೆಯ ಮೇಲೆ ಭಾರ ಹೊರುವಾಗ ಅಡಿಗೆ ಇಟ್ಟುಕೊಳ್ಳುವ ಸಿಂಬಿ ಬಟ್ಟೆಯದಾಗಿರಬೇಕೋ ತೆಂಗಿನ ನಾರಿನದಾಗಿರಬೇಕೋ ಎಂಬ ಮಹತ್ವದ ಪ್ರಶ್ನೆಯನ್ನು ನಮ್ಮ ಮನೆಯಲ್ಲಿ ಮೂರು ದಿನ ಚರ್ಚಿಸಲಾಯಿತು. ಇದನ್ನು ಕ್ಷುಲ್ಲಕವೆಂದು ತಿಳಿಯುವವರು ಒಂದೋ ನಮ್ಮ ಊರಿನವರಲ್ಲ, ಇಲ್ಲವೇ ಲೆಕ್ಕ ಬರೆಯುವವರನ್ನು ಎಂದೂ ಬದಲಾಯಿಸಿದವರಲ್ಲ. ನನ್ನ ಹೆಂಡತಿ ನೀಲಾಂಬಿಕೆ ಬಟ್ಟೆಯ ಪಕ್ಷ, ನಾನು ನಾರಿನ ಪಕ್ಷ. ಬಟ್ಟೆ ಮೆತ್ತಗಿರುತ್ತದೆ, ಆದರೆ ಭಾರ ಹೆಚ್ಚಾದರೆ ಜಾರುತ್ತದೆ. ನಾರು ಚುಚ್ಚುತ್ತದೆ, ಆದರೆ ಜಾಗ ಬಿಟ್ಟು ಕದಲುವುದಿಲ್ಲ. ಕೊನೆಗೆ ನೀಲಾ ನಮ್ಮದೇ ಅಂಗಡಿಯ ಹತ್ತಿ ತುಂಬಿ ಒಂದು ಸಿಂಬಿ ಹೊಲಿದು, ಅದರ ಮೇಲೆ ನಾರು ಸುತ್ತಿ, "ತಗೊಳ್ಳಿ, ಇಬ್ಬರೂ ಗೆದ್ದಂಗಾಯ್ತು" ಅಂದಳು. ಒಳಗಿನ ಹತ್ತಿ ಹೊಸದೋ ಹಳೆಯದೋ ಎಂದು ನಾನು ಕೇಳಲಿಲ್ಲ. ಆ ಪ್ರಶ್ನೆಯನ್ನು ಯಾರೂ ಎತ್ತದಿದ್ದರೆ ಸಾಕು ಎಂದು ನಾನು ದೇವರಿಗೆ ಹರಕೆ ಹೊತ್ತಿದ್ದ ಕಾಲ ಅದು.

ನಮ್ಮ ಊರಿನಲ್ಲಿ ಕೈಯಲ್ಲಿ ಬರೆದ ಲೆಕ್ಕ ಸುಳ್ಳಾದರೆ ಪುಸ್ತಕದ ತೂಕ ಏರುತ್ತದೆ. ಸಣ್ಣ ಸುಳ್ಳಿಗೆ ಒಂದು ಹಿಡಿ ಅಕ್ಕಿಯಷ್ಟು, ದೊಡ್ಡದಕ್ಕೆ ಬೀಸುವ ಕಲ್ಲಿನಷ್ಟು. ಕಥೆ ಕಾದಂಬರಿಗಳು ಎಷ್ಟು ಬರೆದರೂ ಏರುವುದಿಲ್ಲ; ಅವು ತಾವು ನಿಜವೆಂದು ಎಲ್ಲೂ ಸಹಿ ಹಾಕಿರುವುದಿಲ್ಲವಲ್ಲ. ಹಾಜರಿ ಪುಸ್ತಕ ಏರುತ್ತದೆ, ಅಂಗಡಿ ಲೆಕ್ಕ ಏರುತ್ತದೆ, ಮದುವೆಗೆಂದು ಬರೆದುಕೊಡುವ ಹುಡುಗನ ವಿವರ ಏರುತ್ತದೆ. ಅಂಥ ಒಂದೇ ಒಂದು ಹಾಳೆಯನ್ನು ಸೋದರಮಾವಂದಿರಿಬ್ಬರು ಆಚೆ ಈಚೆ ಹಿಡಿದುಕೊಂಡು ಬೆವರುತ್ತ ಬಂದದ್ದನ್ನು ನಾನೇ ಕಂಡಿದ್ದೇನೆ. ಹೆಣ್ಣಿನ ಕಡೆಯವರು ಉಪ್ಪಿಟ್ಟು ಕೊಟ್ಟು ಮರ್ಯಾದೆಯಿಂದ ವಾಪಸು ಕಳಿಸಿದರು. ನನ್ನ ಅಂಗಡಿಯ ಪಕ್ಕದ ಪಾತ್ರೆ ಅಂಗಡಿ ಚನ್ನಮಲ್ಲಪ್ಪನದು. ಅವನ ಪುಸ್ತಕ ನಾಲ್ಕು ಚಕ್ರದ ತಳ್ಳುಗಾಡಿಯ ಮೇಲೆಯೇ ಇರುತ್ತದೆ. ಅದಕ್ಕೆ ಅವನಿಗೆ ನಾಚಿಕೆಯೂ ಇಲ್ಲ. "ದೊಡ್ಡ ವ್ಯಾಪಾರ ಕಣೋ, ಪುಸ್ತಕ ಮತ್ತೆ ಹಗುರ ಇರ್ತದಾ?" ಅನ್ನುತ್ತಾನೆ. ತೆರಿಗೆಯವರು ಬಂದರೆ ಕನ್ನಡಕ ತರುವುದಿಲ್ಲ, ತಕ್ಕಡಿ ತರುತ್ತಾರೆ. ನನ್ನಂಥ ಸಣ್ಣ ಅಂಗಡಿಗಳ ಕಡೆ ಅವರು ತಲೆ ಹಾಕುವುದೂ ಇಲ್ಲ. ಹೀಗಾಗಿ ನಮ್ಮಲ್ಲಿ ಲೆಕ್ಕದ ಪುಸ್ತಕವನ್ನು ಎತ್ತಿ ನೋಡುತ್ತಾರೆಯೇ ಹೊರತು ಓದುವುದಿಲ್ಲ. ಎತ್ತಿ ನೋಡಿದ ಮೇಲೂ ತೆರೆದು ನೋಡಿದರೆ ಅದು ಅವಮಾನ. ಊಟಕ್ಕೆ ಕರೆದವರ ಮನೆಯಲ್ಲಿ ಅನ್ನವನ್ನು ಮೂಸಿ ನೋಡಿದ ಹಾಗೆ.

ಇದರ ಜೊತೆಗೊಂದು ಪದ್ಧತಿಯಿದೆ. ಲೆಕ್ಕದ ಪುಸ್ತಕ ಯಾವಾಗಲೂ ಲೆಕ್ಕ ಬರೆಯುವವರ ಮನೆಯಲ್ಲಿರಬೇಕು. ಅವರನ್ನು ಬದಲಾಯಿಸಿದರೆ ಅಂಗಡಿಯ ಮಾಲೀಕ ತಾನೇ ಪುಸ್ತಕವನ್ನು ತಲೆಯ ಮೇಲೆ ಹೊತ್ತು, ಹಾಡಹಗಲಿನಲ್ಲಿ ಪೇಟೆಬೀದಿ ಹಾಯ್ದು, ಹಳಬರ ಮನೆಯಿಂದ ಹೊಸಬರ ಮನೆಗೆ ಮುಟ್ಟಿಸಬೇಕು. ದಾರಿಯಲ್ಲಿ ಯಾರು ಬೇಕಾದರೂ "ಎಲ್ಲಿ, ಒಂಚೂರು ಕೊಡಿ" ಎಂದು ಎತ್ತಿ ನೋಡಬಹುದು, ಆಗದು ಅನ್ನುವಂತಿಲ್ಲ. ಆದ್ದರಿಂದ ನಮ್ಮ ಊರಿನಲ್ಲಿ ಹೆಂಡತಿಯನ್ನು ಬಿಟ್ಟವರು ಸಿಗುತ್ತಾರೆ, ಲೆಕ್ಕದವರನ್ನು ಬಿಟ್ಟವರು ಸಿಗುವುದಿಲ್ಲ.

ನನಗೆ ಬಿಡಬೇಕಾಗಿ ಬಂತು. ನನ್ನದು ಹಾಸಿಗೆ ದಿಂಬಿನ ಅಂಗಡಿ, ಅಪ್ಪ ಕಟ್ಟಿದ್ದು. ಫೋಮ್ ಹಾಸಿಗೆಗಳು ಊರಿಗೆ ಬಂದ ಮೇಲೆ ಹತ್ತಿಯ ಹಾಸಿಗೆಯ ಮೇಲೆ ಮಲಗುವವರು ಕಡಿಮೆಯಾದರು. ಯುಗಾದಿಯ ಹೊತ್ತಿಗೆ ಬಾಗಿಲು ಹಾಕಿಬಿಡಬೇಕೆಂದು ನಾನೂ ನೀಲಾಳೂ ಒಂದು ತರಹ ತೀರ್ಮಾನಕ್ಕೆ ಬಂದಿದ್ದೆವು. ಅಷ್ಟರಲ್ಲಿ ಹೊಸದಾಗಿ ಕಟ್ಟಿದ ಹುಡುಗಿಯರ ಹಾಸ್ಟೆಲಿಗೆ ಇನ್ನೂರು ಹತ್ತಿ ಹಾಸಿಗೆ ಬೇಕೆಂದು ಸಮಿತಿಯವರ ಕಾಗದ ಬಂತು. ಷರತ್ತು ಎರಡೇ: ಕಳೆದ ಮೂರು ವರ್ಷದ ಲೆಕ್ಕ ಮುಗಿದು ಸಹಿಯಾಗಿರಬೇಕು, ಪುಸ್ತಕವನ್ನು ಒಬ್ಬರೇ ಎತ್ತುವಂತಿರಬೇಕು. ಇಪ್ಪತ್ತೆಂಟನೆಯ ತಾರೀಖಿನೊಳಗೆ ತರಬೇಕು. ಆ ಆರ್ಡರ್ ಸಿಕ್ಕಿದರೆ ಅಂಗಡಿ ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ. ನಡುವೆ ಬೇರೇನೂ ಇರಲಿಲ್ಲ.

ನನ್ನ ಲೆಕ್ಕ ಬರೆಯುತ್ತಿದ್ದವರು ತಿರುಮಲಯ್ಯನವರು. ಅಪ್ಪನ ಕಾಲದಿಂದ ಇದ್ದವರು, ಎಪ್ಪತ್ತೆರಡು ವಯಸ್ಸು. ಪ್ರತಿ ಮಂಗಳವಾರ ಹನ್ನೊಂದು ಗಂಟೆಗೆ ಅಂಗಡಿಗೆ ಬಂದು, ಚಪ್ಪಲಿಯನ್ನು ಜೋಡಿಸಿಟ್ಟು, ಗೋಡೆಗೆ ಒರಗಿ ಕೂತು, ಜೇಬಿನಿಂದ ಪುಟ್ಟ ನೋಟುಬುಕ್ಕು ತೆಗೆಯುತ್ತಿದ್ದರು. ನಾನು ವಾರದ ಲೆಕ್ಕ ಹೇಳುತ್ತಿದ್ದೆ. ಅವರು ಪೆನ್ನು ಆಡಿಸುತ್ತ "ಹೂಂ… ಹೂಂ…" ಅನ್ನುತ್ತಿದ್ದರು. ಎರಡು ಚಕ್ಕುಲಿ ತಿಂದು ಕಾಫಿ ಕುಡಿದು ಹೊರಡುತ್ತಿದ್ದರು. ಮನೆಗೆ ಹೋಗಿ ಅದನ್ನೆಲ್ಲ ದೊಡ್ಡ ಪುಸ್ತಕಕ್ಕೆ ಏರಿಸುತ್ತಾರೆಂದು ನಾನು ತಿಳಿದಿದ್ದೆ.

ಸಮಿತಿಯ ಕಾಗದ ತೋರಿಸಿದಾಗ ಮೊದಲ ಮಂಗಳವಾರ "ಮಾಡೋಣ" ಅಂದರು. ಎರಡನೆಯ ಮಂಗಳವಾರ "ಅಮಾವಾಸ್ಯೆ ಕಳೀಲಿ" ಅಂದರು. ಮೂರನೆಯ ಮಂಗಳವಾರ ಚಕ್ಕುಲಿಯನ್ನು ಮುಟ್ಟದೆ, "ನನ್ನ ಕೈಯಲ್ಲಿ ಆಗೋದಿಲ್ಲ ಕಣಯ್ಯ ಇಂದುಧರ. ಬೇರೆಯವರನ್ನ ನೋಡ್ಕೊ" ಅಂದರು.

"ಯಾಕೆ, ಮೈ ಸರಿಯಿಲ್ವಾ?"

"ಸೊಂಟ" ಅಂದರು ಅಷ್ಟೆ.

ಆ ಒಂದು ಮಾತಿಗೆ ನನ್ನ ಜೀವ ಬಾಯಿಗೆ ಬಂತು. ಯಾಕೆಂದರೆ ಆ ಸೊಂಟ ಯಾವುದನ್ನು ಎತ್ತಲು ಹೋಗಿ ಹಾಳಾಗಿರಬಹುದೆಂದು ನನಗೆ ಗೊತ್ತಿತ್ತು. ಹಳೆಯ ಹಾಸಿಗೆ ಬಿಚ್ಚಿದಾಗ ಸಿಗುವ ಹತ್ತಿಯನ್ನು ಮತ್ತೆ ಹಿಂಜಿಸಿ, ಹೊಸ ಬಟ್ಟೆಯಲ್ಲಿ ತುಂಬಿ, ನಾಲ್ಕು ಸಲ ತಟ್ಟಿದರೆ ಅದು ಹೊಸ ಹತ್ತಿಯಲ್ಲವೆಂದು ಅದಕ್ಕೇ ನೆನಪಿರುವುದಿಲ್ಲ. ಗಿರಾಕಿಗೆ ನಾನು "ಹೊಸ ಹತ್ತಿ" ಅನ್ನುತ್ತಿದ್ದೆ. ಅದೇ ಅಭ್ಯಾಸದಲ್ಲಿ ತಿರುಮಲಯ್ಯನವರಿಗೂ "ಹೊಸ ಹತ್ತಿ" ಎಂದೇ ಹೇಳುತ್ತಿದ್ದೆ. ಹನ್ನೊಂದು ವರ್ಷದಿಂದ ಹೇಳುತ್ತಿದ್ದೆ.

ಹೊಸದಾಗಿ ಲೆಕ್ಕ ಬರೆಯಲು ಒಪ್ಪಿದವರು ಜಸಿಂತಾ ಮೇಡಂ. ಮೂವತ್ತೈದರ ಆಸುಪಾಸು. ಸಮುದ್ರದ ಕಡೆಯ ಊರಿನಿಂದ ಬಂದು ಆರು ತಿಂಗಳಾಗಿತ್ತು, ಬೇರೆ ಯಾರೂ ಇನ್ನೂ ಕೆಲಸ ಕೊಟ್ಟಿರಲಿಲ್ಲ. ಅವರ ಊರಿನಲ್ಲಿ ನಿಜ ಬರೆದರೂ ಸುಳ್ಳು ಬರೆದರೂ ಪುಸ್ತಕದ ತೂಕ ಒಂದೇ ಅಂತೆ. ಗೊತ್ತಾಗಬೇಕಾದರೆ ಪ್ರತಿ ಪುಟವನ್ನೂ ಓದಬೇಕಂತೆ. "ಅಯ್ಯೋ ಪಾಪ, ಹೆಂಗೆ ಬದುಕ್ತಾರೋ" ಎಂದು ನೀಲಾ ಮರುಗಿದಳು.

ಪುಸ್ತಕ ಹೊರುವ ದಿನಕ್ಕೆ ಒಂದು ವಾರವಿತ್ತು. ನಾನು ಬೆಳಿಗ್ಗೆ ಎದ್ದು ಅಕ್ಕಿ ಮೂಟೆ ಹೊತ್ತು ಹಿತ್ತಿಲಿನಲ್ಲಿ ಸುತ್ತು ಹಾಕತೊಡಗಿದೆ. ಮೂರನೆಯ ದಿನ ಮೂಟೆಯ ಮೇಲೆ ಒರಳುಕಲ್ಲಿನ ಗುಂಡು ಸೇರಿತು. ಮನೆಯಲ್ಲೂ ನೆರೆಯವನಾದ ಚನ್ನಮಲ್ಲಪ್ಪ ಬೇಲಿಯಾಚೆಯಿಂದ ನೋಡಿ, "ಏನೋ ಇಂದೂ, ಸತ್ಯವಂತರಿಗೂ ಪ್ರಾಕ್ಟೀಸ್ ಬೇಕೇನೋ?" ಎಂದು ಕೇಳಿದ. ನೀಲಾ ನನ್ನ ಪರವಾಗಿ, "ವೈದ್ಯರು ಹೇಳಿದಾರೆ, ಕತ್ತಿಗೆ ಒಳ್ಳೇದಂತೆ" ಅಂದಳು. ಬಾಯಲ್ಲಿ ಆಡಿದ ಸುಳ್ಳಿಗೆ ನಮ್ಮ ಊರಿನಲ್ಲಿ ತೂಕವಿಲ್ಲ. ಇಲ್ಲದಿದ್ದರೆ ಬೀದಿಯಲ್ಲಿ ಒಬ್ಬರೂ ನೆಟ್ಟಗೆ ನಡೆಯುತ್ತಿರಲಿಲ್ಲ.

ಗುರುವಾರ ಹತ್ತು ಗಂಟೆಗೆ ತಿರುಮಲಯ್ಯನವರ ಮನೆಗೆ ಹೋದೆ. ಪುಸ್ತಕವನ್ನು ಕೆಂಪು ಬಟ್ಟೆಯಲ್ಲಿ ಕಟ್ಟಿ ಜಗುಲಿಯ ಮೇಲೆ ಇಟ್ಟಿದ್ದರು. ಎದುರು ಮನೆಗಳ ಜಗುಲಿ ಆಗಲೇ ತುಂಬಿತ್ತು. ಹಳಬರು ಕಟ್ಟಿದ ಬಟ್ಟೆಯನ್ನು ದಾರಿಯಲ್ಲಿ ಬಿಚ್ಚುವಂತಿಲ್ಲ, ಅದೂ ಪದ್ಧತಿ. ತಿರುಮಲಯ್ಯನವರು ನನ್ನ ಮುಖ ನೋಡದೆ ಬಾವಿಯ ಕಡೆ ನೋಡುತ್ತ, "ನಿಧಾನ ಕಣಯ್ಯ, ನಿಧಾನ" ಅಂದರು. ನಾನು ಸಿಂಬಿ ಸರಿ ಮಾಡಿಕೊಂಡು, ಮೊಣಕಾಲು ಬಗ್ಗಿಸಿ, ಉಸಿರು ಬಿಗಿಹಿಡಿದು, ಒಂದು ವಾರದ ಅಕ್ಕಿ ಮೂಟೆಯನ್ನೆಲ್ಲ ನೆನೆದು ಒಮ್ಮೆಲೇ ಎತ್ತಿದೆ.

ಪುಸ್ತಕ ನನ್ನ ತಲೆಯನ್ನೂ ದಾಟಿ ಹಿಂದಕ್ಕೆ ಹಾರಿತು. ನಾನೂ ಅದರ ಜೊತೆ ಎರಡು ಹೆಜ್ಜೆ ಹಿಂದಕ್ಕೆ ಓಡಿ ತುಳಸಿ ಕಟ್ಟೆಗೆ ಬೆನ್ನು ಕೊಟ್ಟು ನಿಂತೆ. ಪುಸ್ತಕ ಹೇಗೋ ಕೈಯಲ್ಲೇ ಉಳಿದಿತ್ತು. ಬೆಕ್ಕಿನಷ್ಟೂ ಭಾರವಿರಲಿಲ್ಲ.

ಮನುಷ್ಯನ ಮನಸ್ಸು ಎಷ್ಟು ಬೇಗ ಹೊಂದಿಕೊಳ್ಳುತ್ತದೆಂಬುದಕ್ಕೆ ನಾನೇ ಸಾಕ್ಷಿ. ತಿರುಮಲಯ್ಯನವರ ಗೇಟು ದಾಟುವಷ್ಟರಲ್ಲಿ ನನಗೆ ಆಶ್ಚರ್ಯ ಕಳೆದಿತ್ತು. ಪೇಟೆಬೀದಿಯ ಮೂಲೆ ತಲುಪುವಷ್ಟರಲ್ಲಿ ಹತ್ತಿಗೆ ಹಳೆಯದು ಹೊಸದು ಎಂಬ ಭೇದವೇ ಇಲ್ಲವೆಂದೂ, ಹಿಂಜಿದ ಕ್ಷಣವೇ ಅದು ಹೊಸದಾಗಿ ಹುಟ್ಟುತ್ತದೆಂದೂ, ಇದು ಪುಸ್ತಕಕ್ಕೆ ಗೊತ್ತಿರುವಾಗ ನಾನು ಇಷ್ಟು ವರ್ಷ ಸುಮ್ಮನೆ ಕೊರಗಿದೆನೆಂದೂ ಸ್ಪಷ್ಟವಾಗಿತ್ತು. ಪಾತ್ರೆ ಅಂಗಡಿಯ ಮುಂದೆ ಬರುವಾಗ ನಾನು ಒಂದೇ ಕೈಯಲ್ಲಿ ಹಿಡಿದುಕೊಂಡಿದ್ದೆ. ಸಿಂಬಿಯನ್ನು ಜೇಬಿಗೆ ಹಾಕಿದ್ದೆ.

"ಎಲ್ಲಿ, ಒಂಚೂರು ಕೊಡು" ಎಂದು ಚನ್ನಮಲ್ಲಪ್ಪ ಎರಡೂ ತೋಳು ಮಡಚಿಕೊಂಡು, ಕಾಲು ಅಗಲಿಸಿ ನಿಂತ. ಕೊಟ್ಟೆ. ಅವನು ಪುಸ್ತಕವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಿಸಿ ನೋಡಿದ. ಆಮೇಲೆ ತನ್ನ ತಳ್ಳುಗಾಡಿಯ ಕಡೆ ಒಮ್ಮೆ ನೋಡಿ, "ನಿಮ್ಮಪ್ಪನ ಮಗನೇ ಕಣೋ ನೀನು" ಎಂದು ಮೆಲ್ಲಗೆ ವಾಪಸು ಕೊಟ್ಟ. ಸುದ್ದಿ ನನಗಿಂತ ಮುಂದೆ ಹೋಯಿತು. ಹೂವಿನವಳು ಕಾಸು ತೆಗೆದುಕೊಳ್ಳದೆ ಪುಸ್ತಕದ ಮೇಲೆ ಒಂದು ಮೊಳ ಸೇವಂತಿಗೆ ಇಟ್ಟಳು. ಹಾಸ್ಟೆಲ್ ಸಮಿತಿಯ ಅಧ್ಯಕ್ಷೆ ವರದಾಂಬ ಟೀಚರ್ ತರಕಾರಿ ಚೀಲ ಕೆಳಗಿಟ್ಟು, ಪುಸ್ತಕವನ್ನು ಎರಡು ಬೆರಳಿನಲ್ಲಿ ಎತ್ತಿ, ಕಣ್ಣು ಮುಚ್ಚಿ, "ಇಂಥವರು ಇನ್ನೂ ಇದಾರೆ" ಅಂದರು. "ಸಹಿ ಒಂದು ಆಗಲಿ ಇಂದುಧರಪ್ಪ, ಆರ್ಡರ್ ನಿಮ್ಮದೇ." ನಾನು ತಲೆ ತಗ್ಗಿಸಿದೆ. ವಿನಯಕ್ಕೆ ತಗ್ಗಿಸಿದೆನೆಂದು ಎಲ್ಲರೂ ತಿಳಿದರು. ಆ ಹೊತ್ತಿಗೆ ನಾನೂ ಹಾಗೇ ತಿಳಿದಿದ್ದೆ.

ಜಸಿಂತಾ ಮೇಡಂ ಪುಸ್ತಕ ಇಸಿದುಕೊಂಡು, ಎತ್ತಿ ನೋಡುವ ಗೋಜಿಗೇ ಹೋಗದೆ ಮೇಜಿನ ಮೇಲಿಟ್ಟು ಗಂಟು ಬಿಚ್ಚಿದರು. ಓದತೊಡಗಿದರು. ನನ್ನ ಎದುರಿಗೇ! ಇವರಿಗೆ ಊರಿನ ರೀತಿನೀತಿ ಯಾರಾದರೂ ಹೇಳಿಕೊಡಬೇಕು ಎಂದುಕೊಳ್ಳುತ್ತಿರುವಾಗ ಅವರು ಪುಟ ಮಗುಚುವ ವೇಗ ಹೆಚ್ಚಾಯಿತು.

"ಎಂತದು ಇದು?" ಅಂದರು.

"ಲೆಕ್ಕ."

"ನಿಮ್ಮ ಅಪ್ಪನ ಲೆಕ್ಕ ಉಂಟು. ಚೆಂದ ಉಂಟು. ನಿಮ್ಮದೆಲ್ಲಿ?"

ಬಗ್ಗಿ ನೋಡಿದೆ. ಅಪ್ಪ ತೀರಿಕೊಂಡ ವಾರದವರೆಗೆ ಪುಟಗಳು ಭರ್ತಿಯಾಗಿದ್ದವು. ಅದರ ಮುಂದೆ ಒಂದು ಹಾಳೆ ಹರಿದ ಗುರುತು. ಅದರ ಮುಂದೆ ಹನ್ನೊಂದು ವರ್ಷ, ಗೆರೆ ಎಳೆದ ಖಾಲಿ ಹಾಳೆಗಳು. ಒಂದು ಚುಕ್ಕೆ ಕೂಡ ಇರಲಿಲ್ಲ. ಏನೂ ಬರೆಯದ ಪುಸ್ತಕದಲ್ಲಿ ಸುಳ್ಳು ಎಲ್ಲಿಂದ ಬರಬೇಕು? ಸೇವಂತಿಗೆ ಹೂವು ಜಾರಿ ಮೇಜಿನ ಮೇಲೆ ಬಿತ್ತು.

ನಾನು ಬಂದ ದಾರಿಯಲ್ಲೇ ವಾಪಸು ಓಡಿದೆ. ಜನ ನನ್ನ ಅವಸರ ನೋಡಿ, ಸಂತೋಷದ ಸುದ್ದಿಯನ್ನು ಹಳಬರಿಗೆ ಮುಟ್ಟಿಸಲು ಹೋಗುತ್ತಿದ್ದಾನೆ ಎಂದು ದಾರಿ ಬಿಟ್ಟರು. ತಿರುಮಲಯ್ಯನವರು ಜಗುಲಿಯ ಮೇಲೆಯೇ ಕೂತಿದ್ದರು, ನಾನು ಬರುತ್ತೇನೆಂದು ಗೊತ್ತಿದ್ದವರ ಹಾಗೆ.

"ತಿರುಮಲಯ್ಯನೋರೆ, ಹನ್ನೊಂದು ವರ್ಷ! ಪ್ರತಿ ಮಂಗಳವಾರ ಬಂದು ಬರ್ಕೊಂಡು ಹೋಗ್ತಿದ್ರಲ್ಲ!"

"ಬರ್ಕೊಂಡೆ ಅಂತ ನಾನು ಯಾವತ್ತಾದ್ರೂ ಹೇಳಿದೀನಾ?" ಎಂದು ಜೇಬಿನಿಂದ ಪೆನ್ನು ತೆಗೆದು ನನ್ನ ಅಂಗೈಯ ಮೇಲೆ ಗೀಚಿದರು. ಗೀರು ಬಿತ್ತು, ಬಣ್ಣ ಬೀಳಲಿಲ್ಲ. ಪೆನ್ನಿನಲ್ಲಿ ಮಸಿಯೇ ಇರಲಿಲ್ಲ. "ನಿಮ್ಮಪ್ಪ ಹೋದ ಮೇಲೆ ಮೊದಲನೇ ವಾರ ನೀನು ಹೊಸ ಹತ್ತಿ ನೂರು ಕೆಜಿ ಅಂದೆ. ನಾನು ನಂಬಿ ಬರೆದೆ. ಬರೆದು ಪುಸ್ತಕ ಕಪಾಟಿಗೆ ಇಡೋಕೆ ಅಂತ ಎತ್ತಿದೆನಲ್ಲ, ಹಂಗೇ ಕೂತುಬಿಟ್ಟೆ. ನಮ್ಮ ಮನೆಯವಳು ಬಂದು ಎಬ್ಬಿಸಬೇಕಾಯ್ತು. ಆವತ್ತು ಹಿಡ್ಕೊಂಡ ಸೊಂಟ ಇವತ್ತಿನ ತನಕ ಬಿಟ್ಟಿಲ್ಲ. ಆ ಹಾಳೆ ಹರಿದು ಒಲೆಗೆ ಹಾಕಿದೆ. ಪೆನ್ನಿಗೆ ಮಸಿ ಹಾಕೋದೇ ಬಿಟ್ಟೆ."

"ನನಗೆ ಒಂದು ಮಾತು ಹೇಳಬಾರದಿತ್ತಾ?"

"ಏನಂತ ಹೇಳಲಿ? ನೀನು ಸುಳ್ಳುಗಾರ ಅಂತಲೇ? ನಿಮ್ಮ ಮನೆ ಚಕ್ಕುಲಿ ತಿಂದು?" ಅವರಿಗೆ ನಿಜವಾಗಿಯೂ ನೋವಾಗಿತ್ತು. "ನೀನು ಹೇಳಿದ್ದನ್ನೆಲ್ಲ ಬರೆದಿದ್ರೆ ನಿನ್ನ ಮಾನ ಹೋಗ್ತಿತ್ತು, ನನ್ನ ಸೊಂಟ ಪೂರ್ತಿ ಹೋಗ್ತಿತ್ತು. ಎರಡನ್ನೂ ಉಳಿಸಿದೀನಿ. ಕಾಫಿಗೆ ಸಕ್ಕರೆ ಕಮ್ಮಿ ಹಾಕ್ತೀರಿ ಅಂತ ಒಂದು ದಿನ ಬಾಯಿ ಬಿಟ್ಟಿದೀನಾ?"

"ಮತ್ತೆ ತಿಂಗಳು ತಿಂಗಳು ಸಂಬಳ ತಗೊಂಡ್ರಲ್ಲ?"

"ಕೇಳಿಸಿಕೊಂಡಿದ್ದಕ್ಕೆ ತಗೊಂಡೆ. ಹನ್ನೊಂದು ವರ್ಷ ನಿನ್ನ ಮಾತು ಕೇಳೋದು ಸುಲಭ ಅನ್ಕೊಂಡಿದೀಯಾ?"

ಅಂದು ತಾರೀಖು ಹದಿನೇಳು. ಊರಿಗೆಲ್ಲ ನಾನು ಸತ್ಯವಂತ. ಕೈಯಲ್ಲಿ ಖಾಲಿ ಪುಸ್ತಕ. ಹನ್ನೊಂದು ದಿನದಲ್ಲಿ ಮೂರು ವರ್ಷದ ಲೆಕ್ಕ ಬರೆದು ಸಹಿ ಮಾಡಿಸಬೇಕು. ಬರೆದ ಮೇಲೆ ಪುಸ್ತಕ ಭಾರವಾದರೆ ಆರ್ಡರೂ ಹೋಗುತ್ತದೆ, ಈವತ್ತು ತಾನೇ ಸಿಕ್ಕ ಹೆಸರೂ ಹೋಗುತ್ತದೆ. ಮೊದಲು ಇಲ್ಲದ ಹೆಸರು ಹೋದರೆ ಅಷ್ಟು ದುಃಖವಿಲ್ಲ. ಎರಡು ಗಂಟೆ ಅನುಭವಿಸಿದ ಮೇಲೆ ಬಿಡುವುದು ಕಷ್ಟ.

ಜಸಿಂತಾ ಮೇಡಂ ಗಾಬರಿಯಾಗಲಿಲ್ಲ. ಕೊಂಡ ಹತ್ತಿಯ ರಸೀದಿಗಳನ್ನು ಚುಚ್ಚಿಟ್ಟಿದ್ದ ತಂತಿಯನ್ನು ತರಲು ಹೇಳಿದರು. ತಿರುಮಲಯ್ಯನವರನ್ನೂ ಕರೆತರಲು ಹೇಳಿದರು. "ಬರೆಯದಿದ್ದರೆ ಬೇಡ, ನೆನಪು ಉಂಟಲ್ಲ" ಅಂದರು. ನೀಲಾಳನ್ನು ಯಾರೂ ಕರೆದಿರಲಿಲ್ಲ. ಅವಳು ಚಕ್ಕುಲಿ ಡಬ್ಬಿ ಹಿಡಿದುಕೊಂಡು ತಾನೇ ಬಂದು ಕೂತಳು. ಮೇಜಿನ ಮೇಲೆ ಒಂದು ತಕ್ಕಡಿ. ಒಂದು ತಟ್ಟೆಯಲ್ಲಿ ಪುಸ್ತಕ, ಇನ್ನೊಂದರಲ್ಲಿ ಅದಕ್ಕೆ ಸಮನಾಗಿ ಬಟ್ಟು. ಪುಸ್ತಕವನ್ನು ತಟ್ಟೆಯಿಂದ ತೆಗೆಯದೆ, ಅಲ್ಲಿಯೇ ತೆರೆದುಕೊಂಡು ಬರೆಯುವುದೆಂದಾಯಿತು.

"ಹೇಳಿ" ಅಂದರು ಮೇಡಂ.

ಹನ್ನೊಂದು ವರ್ಷದ ನಾಲಿಗೆ. ನಾನು ಗಂಟಲು ಸರಿಮಾಡಿಕೊಂಡು, "ಚೈತ್ರ ಮಾಸ, ಮದುವೆ ಹಾಸಿಗೆ ಹನ್ನೆರಡು, ಪೂರ್ತಿ ಹೊಸ ಹತ್ತಿ" ಅಂದೆ. ಮೇಡಂ ಬರೆದರು. ತಟ್ಟೆ ಠಣ್ಣೆಂದು ಮೇಜಿಗೆ ಬಡಿಯಿತು.

ತಿರುಮಲಯ್ಯನವರು ಸೊಂಟದ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿದರು.

"ಮುಕ್ಕಾಲು ಭಾಗ ಹೊಸದು" ಅಂದೆ. ಮೇಡಂ ತಿದ್ದಿದರು. ತಟ್ಟೆ ಕದಲಲಿಲ್ಲ. "ಅರ್ಧ." ಒಂದು ಕೂದಲೆಳೆಯಷ್ಟು ಎದ್ದಿತು. "ಹೋಗಲಿ, ಕಾಲು ಭಾಗ." ತಟ್ಟೆ ಮೇಲೆದ್ದಿತು, ಆದರೆ ಪೂರ್ತಿ ಸಮವಾಗಲಿಲ್ಲ, ಏನೋ ಅನುಮಾನದಲ್ಲಿ ತೂಗಾಡಿತು.

"ಹಾಗಲ್ಲ ಮಾರಾಯ್ರೆ" ಎಂದು ಮೇಡಂ ಪೆನ್ನು ಕೈಯಲ್ಲೇ ತಿರುಗಿಸಿದರು. "ನೀವು ತುಂಬಿದ್ದು ಎಂತದು, ಗಿರಾಕಿಗೆ ಹೇಳಿದ್ದು ಎಂತದು, ಎರಡೂ ಬರೆಯುವ." ಬರೆದರು: 'ಮದುವೆ ಹಾಸಿಗೆ ಹನ್ನೆರಡು. ಕಾಲು ಭಾಗ ಹೊಸ ಹತ್ತಿ, ಮುಕ್ಕಾಲು ಭಾಗ ಹಳೆಯದು. ಪೂರ್ತಿ ಹೊಸದೆಂದು ಹೇಳಿ ಮಾರಿದ್ದು.' ತಟ್ಟೆ ಸಮನಾಗಿ ನಿಂತಿತು, ದೇವಸ್ಥಾನದ ಗಂಟೆಯ ಕೆಳಗೆ ನಿಂತ ಭಕ್ತನ ಹಾಗೆ.

"ಮುಕ್ಕಾಲಾ!" ಎಂದು ನೀಲಾ ಚಕ್ಕುಲಿ ಮುರಿಯುವುದನ್ನು ನಿಲ್ಲಿಸಿದಳು. "ರೀ, ನಮ್ಮ ಮನೆ ಹಾಸಿಗೆಗೆ ಎಷ್ಟು ಹಾಕಿದೀರಿ?"

"ಅದು ಲೆಕ್ಕಕ್ಕೆ ಬರೋದಿಲ್ಲ."

"ಬರೀರಿ ಮೇಡಂ, ಅದನ್ನೂ ಬರೀರಿ, ನೋಡೇಬಿಡೋಣ."

"ಪೂರ್ತಿ ಹಳೆಯದು" ಎಂದು ನಾನು ಒಪ್ಪಿಕೊಂಡೆ. "ನಮ್ಮದೇ ಅಂತ."

ಹೀಗೆ ಮೂರು ವರ್ಷ ನಡೆಯಿತು, ಎಂಟು ದಿನದಲ್ಲಿ. ನಾನು ಹೇಳುವುದು, ತಟ್ಟೆ ಬೀಳುವುದು, ತಿರುಮಲಯ್ಯನವರು ಕಣ್ಣು ಮುಚ್ಚಿಕೊಂಡೇ "ಆ ಮಂಗಳವಾರ ನೀನು ಎಡಗಡೆ ಕಿವಿ ಕೆರ್ಕೊಂಡೆ, ಅಂದ್ರೆ ಮೂರರಲ್ಲಿ ಒಂದು ಪಾಲು ಸುಳ್ಳು" ಎನ್ನುವುದು, ಮೇಡಂ ತಿದ್ದುವುದು, ತಟ್ಟೆ ಏಳುವುದು. ನಾನು ಕಿವಿ ಕೆರೆದುಕೊಳ್ಳುತ್ತೇನೆಂದು ನನಗೇ ಗೊತ್ತಿರಲಿಲ್ಲ. ಅವರು ಹನ್ನೊಂದು ವರ್ಷ ಕೇಳಿಸಿಕೊಂಡದ್ದು ಮಾತ್ರವಲ್ಲ, ನೋಡಿಯೂ ಇದ್ದರು. ನಡುವೆ 'ಮನೆ ಖರ್ಚು' ಎಂದು ಬರೆದಾಗ ತಟ್ಟೆ ಬಿತ್ತು. ನಾನು ಪ್ರಾಮಾಣಿಕವಾಗಿ ಹೇಳಿದ ಒಂದೇ ಬಾಬತ್ತು ಅದು! ಎಲ್ಲರೂ ನನ್ನ ಕಡೆ ನೋಡಿದರು. ನೀಲಾ ಮಾತ್ರ ತಣ್ಣಗೆ ಡಬ್ಬಿಯ ಮುಚ್ಚಳ ಹಾಕುತ್ತ, "ಅದರಲ್ಲಿ ಅರ್ಧ ನನ್ನ ಚೀಟಿ ಹಣ ಅಂತ ಬರೀರಿ ಮೇಡಂ. ಇವರಿಗೆ ಹೇಳದೆ ಕಟ್ಟಿದ್ದು ಅಂತಲೂ ಬರೀರಿ" ಅಂದಳು. ತಟ್ಟೆ ಎದ್ದಿತು.

ತಿರುಮಲಯ್ಯನವರು ಮಾತ್ರ ಇದರಿಂದೆಲ್ಲ ದೂರ, ಗಂಡಿನ ಕಡೆಯ ಹಿರಿಯರ ಹಾಗೆ ಗಂಭೀರವಾಗಿ ಕೂತಿದ್ದರು. ಮೇಡಂ ಬರೆದ ಪುಟವನ್ನು ದೂರದಿಂದಲೇ ನೋಡಿ, "ಅಂಕಿ ನೆಟ್ಟಗಿದಾವೆ. ನಮ್ಮ ಕಾಲದಲ್ಲಿ ಸ್ವಲ್ಪ ಓರೆ ಬರೀತಿದ್ವಿ, ನೋಡೋಕೆ ಲಕ್ಷಣವಾಗಿರೋದು" ಅಂದರು. ಕೊನೆಯ ದಿನ ಮೇಡಂ 'ಲೆಕ್ಕ ಬರೆದದ್ದಕ್ಕೆ ತಿರುಮಲಯ್ಯನವರ ಸಂಬಳ' ಎಂದು ಬರೆದರು. ತಟ್ಟೆ ಹಿಂದೆಂದೂ ಬೀಳದ ಹಾಗೆ ಬಿತ್ತು, ಮಸಿಕುಡಿಕೆ ಹಾರಿ ನೀಲಾಳ ಸೀರೆಯ ಮೇಲೆ ಬಿತ್ತು. ಮುದುಕರ ಮುಖ ಸಣ್ಣದಾಯಿತು. ಇಷ್ಟು ದಿನ ನನ್ನ ಸುಳ್ಳಿಗೆ ಸಾಕ್ಷಿಯಾಗಿ ಕೂತವರು ಈಗ ಎದ್ದು ಚಪ್ಪಲಿ ಹುಡುಕತೊಡಗಿದರು.

"ಕೂತ್ಕೊಳ್ಳಿ" ಎಂದೆ ನಾನು. "ಮೇಡಂ, ಬರೆದದ್ದಕ್ಕೆ ಅಂತ ಇದೆಯಲ್ಲ, ಅದನ್ನ ಕೇಳಿಸಿಕೊಂಡದ್ದಕ್ಕೆ ಅಂತ ಮಾಡಿ."

ಮೇಡಂ ತಿದ್ದಿದರು. ತಟ್ಟೆ ಮೆಲ್ಲಗೆ, ಅವಸರವಿಲ್ಲದೆ ಮೇಲೆ ಬಂದು ಸಮವಾಗಿ ನಿಂತಿತು. ತಿರುಮಲಯ್ಯನವರು ಮತ್ತೆ ಕೂತು ಒಂದು ಚಕ್ಕುಲಿ ತೆಗೆದುಕೊಂಡರು.

ಮೂರು ವರ್ಷದ ಲೆಕ್ಕ ಈಗ ಭರ್ತಿಯಾಗಿತ್ತು, ಪುಸ್ತಕ ಹಗುರವಾಗಿಯೂ ಇತ್ತು. ಹೊಸದಾಗಿ ಒಂದರಿಂದ ಸಂಖ್ಯೆ ಹಾಕಿ ಬರೆದ ಪ್ರತಿ ಪುಟದಲ್ಲೂ ನಾನು ಯಾರಿಗೆ, ಎಂದು, ಎಷ್ಟು ಮೋಸ ಮಾಡಿದೆನೆಂದು ನೆಟ್ಟಗಿನ ಅಂಕಿಗಳಲ್ಲಿ ಬರೆದಿತ್ತು. ಚನ್ನಮಲ್ಲಪ್ಪನ ಮಗಳ ಮದುವೆಯ ಹಾಸಿಗೆ ಹದಿನಾಲ್ಕನೆಯ ಪುಟದಲ್ಲಿತ್ತು. ಹೂವಿನವಳ ದಿಂಬು ಮೂವತ್ತೊಂದರಲ್ಲಿತ್ತು. ವರದಾಂಬ ಟೀಚರ್ ತಮ್ಮ ತಾಯಿಯ ಬೆನ್ನುನೋವಿಗೆಂದು ಹೇಳಿ ಮಾಡಿಸಿದ ಹಾಸಿಗೆ ಐವತ್ತರಲ್ಲಿ, ಪೂರ್ತಿ ವಿವರದೊಂದಿಗೆ. "ಇದನ್ನು ತೋರಿಸೋದಾ?" ಎಂದು ಕೇಳಿದೆ. ಮೇಡಂ ಸಹಿ ಹಾಕಿ ಮಸಿ ಆರಿಸುತ್ತ, "ಬರೆಯುವುದು ನನ್ನ ಕೆಲಸ. ಓದುವುದು ಬಿಡುವುದು ನಿಮ್ಮ ಊರಿನವರ ಕೆಲಸ" ಅಂದರು.

ಇಪ್ಪತ್ತೆಂಟನೆಯ ತಾರೀಖು ಸಮಿತಿಯ ಮುಂದೆ ಪುಸ್ತಕ ಇಟ್ಟೆ. ಏಳು ಜನ ಸದಸ್ಯರು ಒಬ್ಬರಾದ ಮೇಲೊಬ್ಬರು ಎತ್ತಿ ನೋಡಿದರು. ಒಬ್ಬರು ಒಂದು ಕೈಯಲ್ಲಿ, ಇನ್ನೊಬ್ಬರು ಮೂರು ಬೆರಳಿನಲ್ಲಿ. ಒಬ್ಬ ವಯಸ್ಸಾದವರು ತಲೆಯ ಮೇಲಿಟ್ಟುಕೊಂಡು ಎರಡು ಹೆಜ್ಜೆ ನಡೆದರು. ಯಾರೂ ತೆರೆಯಲಿಲ್ಲ. ಕೊನೆಗೆ ವರದಾಂಬ ಟೀಚರ್ ಎತ್ತಿಕೊಂಡರು, ಕೆಳಗೆ ಇಡಲೇ ಇಲ್ಲ. ಮಗುವಿನ ಹಾಗೆ ಎದೆಗೆ ಹಿಡಿದುಕೊಂಡು ಎದ್ದು ನಿಂತರು.

"ಆರ್ಡರ್ ಇಂದುಧರಪ್ಪನವರಿಗೆ. ಅದರ ಬಗ್ಗೆ ಮಾತೇ ಇಲ್ಲ" ಅಂದರು. ನನ್ನ ಉಸಿರು ಅರ್ಧ ಹೊರಗೆ ಬಂತು. "ಇನ್ನೊಂದು ಮಾತು. ಇಂಥ ಪುಸ್ತಕ ಕಪಾಟಿನಲ್ಲಿ ಕೊಳೆಯಬಾರದು. ಇದನ್ನು ಹಾಸ್ಟೆಲಿನ ವಾಚನಾಲಯದಲ್ಲಿ ಇಡೋಣ. ನಮ್ಮ ಹುಡುಗಿಯರು ಓದಲಿ." ಉಳಿದ ಅರ್ಧ ಉಸಿರು ಒಳಗೇ ನಿಂತಿತು.

"ಟೀಚರ್, ಮುಂದಿನ ಲೆಕ್ಕ ಬರೆಯೋದಕ್ಕೆ ಪುಸ್ತಕ ಬೇಕಲ್ಲ…"

"ಹೊಸ ಪುಸ್ತಕ ನಾವೇ ತೆಗೆಸಿಕೊಡ್ತೀವಿ. ಇದು ಮಾತ್ರ ಇಲ್ಲೇ ಇರಲಿ." ಎಲ್ಲರೂ ಚಪ್ಪಾಳೆ ತಟ್ಟಿದರು.

ಮನೆಗೆ ಬಂದು ನೀಲಾಳಿಗೆ ಹೇಳಿದೆ. ಅವಳು ಸೀರೆಯ ಮೇಲಿನ ಮಸಿ ಕಲೆಗೆ ನಿಂಬೆಹಣ್ಣು ಉಜ್ಜುತ್ತ ಕೂತಿದ್ದಳು. "ಇನ್ನೂರು ಹುಡುಗಿಯರು ನಿಮ್ಮ ಹಾಸಿಗೆ ಮೇಲೆ ಮಲಗಿಕೊಂಡು ನಿಮ್ಮ ಪುಸ್ತಕ ಓದ್ತಾರೆ" ಅಂದಳು. "ಹಾಸಿಗೆ ಬಿಚ್ಚಿ ನೋಡೋಕೆ ಎಷ್ಟು ಹೊತ್ತು ಬೇಕು? ಒಂದು ಕತ್ತರಿ ಇದ್ರೆ ಸಾಕು." ಅವಳ ಮಾತಿನಲ್ಲಿ ಸಂತೋಷವಿತ್ತೆಂದು ನನಗೆ ಇವತ್ತಿಗೂ ಅನುಮಾನ.

ಇನ್ನೂರು ಹಾಸಿಗೆಗೂ ಹೊಸ ಹತ್ತಿ ತುಂಬಿಸಿದೆ. ದರ ಹಳೆಯ ಹತ್ತಿಯ ಆಧಾರದ ಮೇಲೆ ಕೊಟ್ಟಿದ್ದೆ, ಆದ್ದರಿಂದ ನೀಲಾಳ ಚೀಟಿ ಎತ್ತಬೇಕಾಯಿತು; ಎತ್ತಿದ್ದನ್ನು ಮೇಡಂ ಹೊಸ ಪುಸ್ತಕದಲ್ಲಿ ಮೊದಲ ಬಾಬತ್ತಾಗಿ ಬರೆದರು. ಲಾಭ ಉಳಿಯಲಿಲ್ಲ. ಅಂಗಡಿ ಉಳಿಯಿತು. ಹಾಸ್ಟೆಲಿನ ಹಾಸಿಗೆ ಚೆನ್ನಾಗಿದೆಯೆಂದು ಹುಡುಗಿಯರ ತಾಯಂದಿರು ಬಂದು ಕೇಳತೊಡಗಿದ್ದಾರೆ, ಅವರಿಗೂ ಅಂಥದ್ದನ್ನೇ ಕೊಡಬೇಕಾಗಿದೆ. ಮಂಗಳವಾರ ಹನ್ನೊಂದು ಗಂಟೆಗೆ ಜಸಿಂತಾ ಮೇಡಂ ಬರೆಯಲು ಬರುತ್ತಾರೆ, ತಿರುಮಲಯ್ಯನವರು ಕೇಳಿಸಿಕೊಳ್ಳಲು ಬರುತ್ತಾರೆ. ಇಬ್ಬರಿಗೂ ಸಂಬಳ ಕೊಡುತ್ತೇನೆ. ಕಾಫಿಗೆ ಸಕ್ಕರೆ ಒಂದು ಚಮಚ ಜಾಸ್ತಿ ಹಾಕುತ್ತೇವೆ.

ಹಾಸ್ಟೆಲಿಗೆ ವರ್ಷಕ್ಕೊಮ್ಮೆ ದಿಂಬಿನ ಕವರು ಕೊಡಲು ಹೋದಾಗ ವಾಚನಾಲಯದ ಕಡೆಗೂ ಹೋಗಿಬರುತ್ತೇನೆ. ಪುಸ್ತಕ ಗಾಜಿನ ಬೀರುವಿನಲ್ಲಿ, ಕೆಂಪು ಬಟ್ಟೆಯ ಮೇಲಿದೆ. ಹುಡುಗಿಯರು ಪರೀಕ್ಷೆಗೆ ಹೋಗುವಾಗ ಅದನ್ನೊಮ್ಮೆ ಎತ್ತಿ ಇಟ್ಟು ಹೋಗುತ್ತಾರಂತೆ, ಒಳ್ಳೆಯದಾಗುತ್ತದೆಂದು. ಓದಲು ಒಯ್ದವರ ಹೆಸರು ಬರೆಯುವ ರಿಜಿಸ್ಟರಿನಲ್ಲಿ ನನ್ನ ಪುಸ್ತಕದ ಪುಟ ನಾಲ್ಕು ವರ್ಷದಿಂದ ಖಾಲಿಯಿದೆ. 'ಯಾರೂ ಓದಿಲ್ಲ' ಎಂದು ಮೇಟ್ರನ್ ಪ್ರತಿ ವರ್ಷ ಕೆಳಗೆ ಬರೆದು ಸಹಿ ಮಾಡಿದ್ದಾರೆ. ಆ ರಿಜಿಸ್ಟರನ್ನು ನಾನು ಎತ್ತಿ ನೋಡಿದ್ದೇನೆ. ಹಗುರವಾಗಿದೆ.